ಹಳೆಯ ಪಂದ್ಯದ ಮೋಟಾರಿನ ಪುನರ್ನಿರ್ಮಾಣ

ಮೋಟಾರು ಕಾರು ಹಳೆಯದಾದರೆ ಗುಜರಿಗೆ ಹಾಕುವುದು ಲೋಕರೂಢಿ. ಆದರೆ ಯೂರೋಪು ಖಂಡದಲ್ಲಿ, ವಿಶೇಷವಾಗಿ ಇಂಗ್ಲೆಂಡಿನಲ್ಲಿ, ತೊಂಬತ್ತು ವರ್ಷಗಳಿಗೂ ಹಿಂದಿನ ಪಂದ್ಯದ ಕಾರುಗಳನ್ನು ಬಿಚ್ಚಿ, ತಿದ್ದಿ, ಮರಳಿ ಜೋಡಿಸಿ, ನಿಜವಾದ ಪಂದ್ಯಕ್ಕೇ ಇಳಿಸುವ ಸಂಪ್ರದಾಯವೊಂದುಂಟು. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು 1934ರಲ್ಲೇ ಸ್ಥಾಪಿತವಾಯಿತು. ಮೊನಾಕೊ ನಗರದ ಬೀದಿಗಳಲ್ಲಿ 1997ರಿಂದಲೂ, ಗುಡ್‌ವುಡ್ ಎಂಬಲ್ಲಿ 1998ರಿಂದಲೂ ಇಂತಹ ಪಂದ್ಯಗಳು ಪ್ರಸಿದ್ಧವಾಗಿವೆ. ಇದನ್ನು ಕೇವಲ ಸಿರಿವಂತರ ವಿನೋದವೆಂದು ತಳ್ಳಿಹಾಕುವವರುಂಟು. ಹಣವಂತರ ವಿನೋದವೆಂಬುದು ಸುಳ್ಳಲ್ಲ. ಆದರೆ ಅದರೊಳಗೆ ನಾವು ಕಲಿಯತಕ್ಕ ವಿಜ್ಞಾನವೂ ಒಂದು ಜಟಿಲ ಪ್ರಶ್ನೆಯೂ ಅಡಗಿವೆ.

ಉದಾಹರಣೆಗೆ ಬೆಂಟ್ಲಿ ಕಂಪನಿಯ ‘ಸ್ಪೀಡ್ ಸಿಕ್ಸ್’ ಎಂಬ ಕಾರನ್ನು ತೆಗೆದುಕೊಳ್ಳೋಣ. ಅದರ ಎಂಜಿನಿಗೆ ಆರು ಸಿಲಿಂಡರುಗಳು. ಪ್ರತಿಯೊಂದರ ಒಳವ್ಯಾಸ 10 ಸೆಂಟಿಮೀಟರು. ಪಿಸ್ಟನ್ನು ಮೇಲಿಂದ ಕೆಳಕ್ಕೆ ಸರಿಯುವ ದೂರ 14 ಸೆಂಟಿಮೀಟರು. ಪ್ರೌಢಶಾಲೆಯ ವಿದ್ಯಾರ್ಥಿಗಳು ಸಿಲಿಂಡರಿನ ಘನಫಲದ ಸೂತ್ರವನ್ನು ಬಲ್ಲರಷ್ಟೆ. ಲೆಕ್ಕ ಮಾಡಿ ನೋಡಿದರೆ ಆರಕ್ಕೂ ಸೇರಿ 6,597 ಘನ ಸೆಂಟಿಮೀಟರು, ಅಂದರೆ ಆರೂವರೆ ಲೀಟರಿಗಿಂತ ತುಸು ಹೆಚ್ಚು ಎಂದು ದೊರೆಯುವುದು. ಇಷ್ಟು ದೊಡ್ಡ ಯಂತ್ರವನ್ನು ಬಿಚ್ಚಿದೊಡನೆ ಕುಶಲಕರ್ಮಿಯ ಮೊದಲ ಚಿಂತೆ ತುಕ್ಕಲ್ಲ. ಕಣ್ಣಿಗೆ ಕಾಣದ ಬಿರುಕು.

ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಗ್ಗಿಸಿದರೆ ಅದು ತುಂಡಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಎಂಜಿನಿನೊಳಗಿನ ಉಕ್ಕಿನ ಕೋಲುಗಳೂ ನಿಮಿಷಕ್ಕೆ ಸಾವಿರಾರು ಸಲ ಎಳೆತ ಒತ್ತಡಗಳಿಗೆ ಸಿಕ್ಕಿ ಹೀಗೆಯೇ ದಣಿಯುತ್ತವೆ. ಹೊರಗೆ ಥಳಥಳಿಸುವ ಕೋಲಿನ ಮೈಯಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ಸೀಳು ಹುಟ್ಟಿರಬಹುದು. ಅದನ್ನು ಪತ್ತೆ ಹಚ್ಚುವ ಉಪಾಯ ಸೊಗಸಾದುದು. ಕೋಲನ್ನು ಅಯಸ್ಕಾಂತವನ್ನಾಗಿ ಮಾಡಿ, ಕಬ್ಬಿಣದ ಅತಿ ನುಣ್ಣನೆಯ ಪುಡಿಯನ್ನು ದ್ರವದಲ್ಲಿ ಕಲಸಿ ಅದರ ಮೇಲೆ ಹರಿಸುತ್ತಾರೆ. ಬಿರುಕಿದ್ದ ಕಡೆ ಕಾಂತರೇಖೆಗಳು ಹೊರಕ್ಕೆ ಸೂಸುವುದರಿಂದ ಪುಡಿಯು ಅಲ್ಲಿಯೇ ಸಾಲುಗಟ್ಟಿ ನಿಲ್ಲುತ್ತದೆ. ಅಲ್ಯೂಮಿನಿಯಮ್ಮಿಗೆ ಈ ಪರೀಕ್ಷೆ ಸಲ್ಲದು. ಕಾರಣವೇನೆಂದು ವಿದ್ಯಾರ್ಥಿಗಳೇ ಯೋಚಿಸಲಿ. ಅದಕ್ಕೆ ಬಿರುಕಿನೊಳಗೆ ಇಳಿಯುವ ಬಣ್ಣವನ್ನು ಬಳಸುತ್ತಾರೆ.

ಸಿಲಿಂಡರುಗಳ ಎರಕವೇ ಒಡೆದಿದ್ದರೆ ಕೆಲಸ ಇಮ್ಮಡಿ ಕಠಿನ. ಈ ಬೆಂಟ್ಲಿ ಎಂಜಿನಿನಲ್ಲಿ ಸಿಲಿಂಡರುಗಳೂ ಅವುಗಳ ತಲೆಯೂ ಒಂದೇ ಎರಕದಲ್ಲಿವೆ, ತಲೆಯನ್ನು ಬೇರ್ಪಡಿಸಲಾಗದು. ಚಳಿನಾಡಿನಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಇಡಿಯ ಎರಕ ಸೀಳುತ್ತದೆ. ಆಗ ಹೊಸದನ್ನು ಎರೆಯಬೇಕು. ಕರಗಿದ ಬೀಡುಕಬ್ಬಿಣವು ಆರುವಾಗ ನೂರರಲ್ಲಿ ಸುಮಾರು ಒಂದು ಪಾಲು ಕುಗ್ಗುವುದರಿಂದ, ಮರಳಿನಲ್ಲಿ ಒತ್ತುವ ಮಾದರಿಯನ್ನು ಅಷ್ಟು ಹಿರಿದಾಗಿಯೇ ಮಾಡುತ್ತಾರೆ. ತಿರುಗುವ ದಂಡವನ್ನು ಹಿಡಿಯುವ ಬೇರಿಂಗುಗಳಿಗೆ ತವರ, ಆಂಟಿಮನಿ, ತಾಮ್ರಗಳ ಮಿಶ್ರಲೋಹವನ್ನು ಕರಗಿಸಿ ಎರೆಯುವುದು ಆ ಕಾಲದ ಕ್ರಮ. ಅನಂತರ ನೀಲಿ ಬಣ್ಣವನ್ನು ದಂಡಕ್ಕೆ ಹಚ್ಚಿ ತಿರುಗಿಸಿ, ಬಣ್ಣ ತಗುಲಿದ ಉಬ್ಬುಗಳನ್ನು ಕೈಯಿಂದಲೇ ಹೆರೆಯುತ್ತ ಹೋಗುವರು. ಇದನ್ನು ಅವಸರದಿಂದ ಮಾಡಿ ಗೆದ್ದವರಿಲ್ಲ.

ಈಗ ಪ್ರಶ್ನೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವ ಕಾರಾದರೆ ಬಿರುಕುಬಿಟ್ಟ ಹಳೆಯ ಕೋಲನ್ನೇ ಇಟ್ಟರೂ ನಷ್ಟವಿಲ್ಲ. ಪಂದ್ಯಕ್ಕಿಳಿಯುವ ಕಾರಿನಲ್ಲಿ ಹಾಗೆ ಇಟ್ಟರೆ ಚಾಲಕನ ಪ್ರಾಣಕ್ಕೇ ಸಂಚಕಾರ. ಆದುದರಿಂದ ಓಡಿದಷ್ಟೂ ಹಳೆಯ ಭಾಗಗಳು ಸವೆದು ಹೊಸವು ಬರುತ್ತವೆ. ಓಡದಿದ್ದರೆ ಅದು ಪಂದ್ಯದ ಕಾರೇ ಅಲ್ಲ. ಅಂತಾರಾಷ್ಟ್ರೀಯ ಮೋಟಾರು ಒಕ್ಕೂಟವು ಇಂತಹ ಪಂದ್ಯದ ಕಾರುಗಳಿಗೆ ಒಂದು ತಾಂತ್ರಿಕ ಪತ್ರವನ್ನು ವಿಧಿಸಿದೆ. ಕಾರಿನ ರಚನೆಯು ಅದರ ಕಾಲದ ರಚನೆಗೆ ಹೊಂದುತ್ತದೆ ಎಂಬುದಷ್ಟೇ ಆ ಪತ್ರದ ಅರ್ಥ. ಇದು ಇಂತಹ ಪಂದ್ಯ ಗೆದ್ದ ಆ ಕಾರೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಗಾಲಿ ರಥವೇ, ಅಚ್ಚು ರಥವೇ ಎಂದು ನಾಗಸೇನ ಭಿಕ್ಷುವು ಮಿಲಿಂದ ರಾಜನನ್ನು ಕೇಳಿದ ಪ್ರಶ್ನೆಯೇ ಇಲ್ಲಿ ಎದುರಾಗುತ್ತದೆ.

1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಇದನ್ನೇ ವಿಚಾರಿಸಬೇಕಾಯಿತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು 1929ರಲ್ಲಿಯೂ 1930ರಲ್ಲಿಯೂ ಗೆದ್ದಿತ್ತು. ಎರಡು ಸಲವೂ ಬಾರ್ನಾಟೊ ಎಂಬಾತನು ಚಾಲಕರಲ್ಲೊಬ್ಬ. ಜೊತೆಗಾರರು ಮೊದಲ ವರ್ಷ ಬರ್ಕಿನ್, ಮರುವರ್ಷ ಕಿಡ್‌ಸ್ಟನ್. ಅನಂತರ ಅದಕ್ಕೆ ಎಂಟು ಲೀಟರಿನ ಎಂಜಿನು ಬಂದಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಐನೂರು ಮೈಲಿ ಪಂದ್ಯದಲ್ಲಿ ಅದು ಇಳಿಜಾರು ಪಥದ ಅಂಚನ್ನು ದಾಟಿ ಉರುಳಿ, ಚಾಲಕ ಕ್ಲೈವ್ ಡನ್‌ಫೀ ಮೃತನಾದ. ಬಾರ್ನಾಟೊ ಅದನ್ನು ಮತ್ತೆ ಬೇರೆ ಮೈಕಟ್ಟಿನಲ್ಲಿ ಕಟ್ಟಿಸಿದ. ಮುಂದೆ ಈ ಕಾರು ಒಂದು ಕೋಟಿ ಪೌಂಡಿಗೆ ಮಾರಾಟಕ್ಕೆ ಗೊತ್ತಾದಾಗ, ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ಹಿಂಜರಿದರು. ಮಾರುವವನು ದಾವೆ ಹೂಡಿದ.

ನ್ಯಾಯಾಧೀಶ ಆಟನ್‌ರು ಸಾಕ್ಷ್ಯಗಳನ್ನು ತೂಗಿ ನೋಡಿದರು. 1929ರ ಭಾಗಗಳಲ್ಲಿ ಉಳಿದಿದ್ದುದು ಬಹು ಸ್ವಲ್ಪ. ಕಾರ್ಖಾನೆಯಿಂದ ಹೊರಟ ಮೂಲ ವಸ್ತುವೆಂದು ಅದನ್ನು ಕರೆಯುವಂತಿರಲಿಲ್ಲ. ಆದರೆ ಹೊಸ ಭಾಗಗಳು ಒಮ್ಮೆಗೇ ಬಂದವಲ್ಲ. ವರ್ಷವರ್ಷಕ್ಕೂ ಓಡುತ್ತ ಓಡುತ್ತ ಕೂಡಿಕೊಂಡವು. ನಡುವೆ ಎಲ್ಲಿಯೂ ಕಾರು ತನ್ನತನವನ್ನು ಕಳೆದುಕೊಂಡಿರಲಿಲ್ಲ. ಆ ಹೆಸರಿಗೆ ಹಕ್ಕುಳ್ಳ ಬೇರೊಂದು ಕಾರೂ ಇರಲಿಲ್ಲ. ಆದುದರಿಂದ ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪಾಗಿ, ಮಾರುವವನು ಗೆದ್ದ. ನನಗೆ ಈ ತೀರ್ಪು ಸರಿಯೆಂದೇ ತೋರುತ್ತದೆ. ಒಂದು ಹಳೆಯ ತುಣುಕನ್ನು ಹಿಡಿದು ಅದರ ಸುತ್ತ ಹೊಚ್ಚಹೊಸ ಕಾರನ್ನು ಕಟ್ಟಿ ಹಳೆಯ ಹೆಸರಿಡುವವರಿಗೆ ಮಾತ್ರ ಇದರಿಂದ ಆಸರೆ ದೊರೆಯದು.

ಪ್ರಾಮಾಣಿಕ ಕರ್ಮಶಾಲೆಗಳು ಇದಕ್ಕೊಂದು ಕ್ರಮವನ್ನು ಇಟ್ಟುಕೊಂಡಿವೆ. ಹೊಸದಾಗಿ ಮಾಡಿದ ಭಾಗದ ಮೇಲೆ ಅದನ್ನು ಮಾಡಿದ ವರ್ಷವನ್ನು ಒತ್ತುತ್ತಾರೆ. ಪ್ರತಿಯೊಂದು ಬದಲಾವಣೆಯನ್ನೂ ಭಾವಚಿತ್ರದೊಡನೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಕಳಚಿದ ಕೋಲು, ಒಡೆದ ಎರಕ, ಸವೆದ ಬೇರಿಂಗುಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ತುಂಬಿ, ಕಾರು ಮಾರಾಟವಾದಾಗ ಅದರ ಜೊತೆಯಲ್ಲಿಯೇ ಕಳುಹಿಸಿಕೊಡುತ್ತಾರೆ.