ಮಬ್ಬುಗತ್ತಲಲ್ಲಿ ಗುರಿಯಿಡುವ ಕಣ್ಣು

ಸೂರ್ಯನು ಮುಳುಗಿದ ಬಳಿಕ ಕೆಂಪು ದಾಸವಾಳದ ಗಿಡವೊಂದನ್ನು ಅರ್ಧ ಗಂಟೆಯ ಕಾಲ ನೋಡುತ್ತ ಕುಳಿತರೆ ವಿಚಿತ್ರವಾದ ಸಂಗತಿಯೊಂದು ನಮ್ಮ ಗಮನಕ್ಕೆ ಬರುತ್ತದೆ. ಹಗಲಿನಲ್ಲಿ ಎಲೆಗಳಿಗಿಂತ ಉಜ್ಜ್ವಲವಾಗಿದ್ದ ಹೂವು ಕ್ರಮೇಣ ಕಪ್ಪಾಗುತ್ತದೆ. ಎಲೆಗಳಾದರೋ ಬಣ್ಣಗೆಟ್ಟರೂ ಹೂವಿಗಿಂತ ಬೆಳ್ಳಗೆ ತೋರತೊಡಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚೆಕ್ ಶರೀರಶಾಸ್ತ್ರಜ್ಞ ಪುರ್ಕಿನ್ಯೆ ಇದನ್ನು ವರ್ಣಿಸಿದನು. ಬಂದೂಕಿನ ನಳಿಗೆಯ ತುದಿಗೆ ಕೆಂಪು ಬಣ್ಣ ಬಳಿದು, ಸಂಜೆ ಅದೇ ತುದಿಯನ್ನು ಕಾಣದೆ ತಬ್ಬಿಬ್ಬಾಗುವವನ ಕಷ್ಟಕ್ಕೂ ಇದೇ ಕಾರಣ.

ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗ್ರಹಿಸುವ ಶಂಕುಕೋಶಗಳು ಸುಮಾರು 60 ಲಕ್ಷ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಸುಮಾರು 12 ಕೋಟಿ. ದಂಡಕೋಶಗಳಿಗೆ ಕೆಂಪು ಬೆಳಕು ಬಹುಮಟ್ಟಿಗೆ ಕಾಣುವುದೇ ಇಲ್ಲ. ಅಲ್ಲದೆ, ನಾವು ನೆಟ್ಟ ನೋಟದಿಂದ ನೋಡಿದ ವಸ್ತುವಿನ ಬಿಂಬ ಬೀಳುವ ಅಕ್ಷಿಪಟಲದ ನಟ್ಟನಡುವಿನಲ್ಲಿ ದಂಡಕೋಶಗಳೇ ಇಲ್ಲ. ಕೃತ್ತಿಕೆಯ ಮಂಕು ನಕ್ಷತ್ರಗಳು ನೇರವಾಗಿ ನೋಡಿದಾಗ ಮಾಯವಾಗಿ, ಓರೆಗಣ್ಣಿನಿಂದ ನೋಡಿದಾಗ ಮತ್ತೆ ಗೋಚರಿಸುವುದು ಈ ಕಾರಣದಿಂದಲೆ. ನಕ್ಷತ್ರವೀಕ್ಷಕನು ಓರೆಗಣ್ಣಿನಿಂದ ನೋಡಿ ತೃಪ್ತನಾಗಬಹುದು; ಗುರಿಗಾರನಿಗೆ ಆ ಸೌಕರ್ಯವಿಲ್ಲ. ಅವನು ಗುರಿಯಿಡುವ ಜಾಗವೇ ಕಣ್ಣಿನ ಇರುಳುಗುರುಡು ಜಾಗ!

ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲನ್ನು ಹಿಡಿದಿರುವ ವಿದ್ಯಾರ್ಥಿಗಳು ಗುರಿಯಿಡುವ ಕ್ರಮವನ್ನು ಬಲ್ಲರು. ಕಣ್ಣಿನ ಹತ್ತಿರ ಬ್ಯಾಕ್‌ಸೈಟು, ನಳಿಗೆಯ ತುದಿಯಲ್ಲಿ ಫೋರ್‌ಸೈಟು, ದೂರದಲ್ಲಿ ಗುರಿ. ಇವು ಮೂರೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಎರಡು ಸೈಟುಗಳ ನಡುವೆ 50 ಸೆಂ.ಮೀ. ಅಂತರವಿದೆಯೆಂದು ಭಾವಿಸೋಣ. ಫೋರ್‌ಸೈಟನ್ನು ಹೊಂದಿಸುವುದರಲ್ಲಿ 1 ಮಿ.ಮೀ. ತಪ್ಪಿದರೆ 100 ಮೀಟರ್ ದೂರದಲ್ಲಿ ಗುಂಡು 20 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಮಬ್ಬಿನಲ್ಲಿ ಕಪ್ಪು ಉಕ್ಕಿನ ಫೋರ್‌ಸೈಟು ಕಪ್ಪು ಹಿನ್ನೆಲೆಯಲ್ಲಿ ಕರಗಿಹೋದಾಗ ತಪ್ಪು ಒಂದು ಮಿಲಿಮೀಟರಿಗೆ ನಿಲ್ಲುವುದೆಂಬ ಭರವಸೆ ಯಾರಿಗಿದೆ?

ಅನೇಕ ರೈಫಲುಗಳಲ್ಲಿ ಬ್ಯಾಕ್‌ಸೈಟು ಒಂದು ಸಣ್ಣ ರಂಧ್ರ. ಹತ್ತಿರದ ಫೋರ್‌ಸೈಟು, ದೂರದ ಗುರಿ ಎರಡನ್ನೂ ಕಣ್ಣು ಏಕಕಾಲದಲ್ಲಿ ಸ್ಪಷ್ಟವಾಗಿ ಕಾಣಲಾರದು. ಆದರೆ ಸಣ್ಣ ರಂಧ್ರದ ಮೂಲಕ ನೋಡಿದಾಗ ಎರಡೂ ಸಾಕಷ್ಟು ಸ್ಪಷ್ಟವಾಗುತ್ತವೆ. (ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಓದಿ ನೋಡಿರಿ.) ಹಗಲಿನಲ್ಲಿ ಕಣ್ಣಿನ ಪಾಪೆಯೇ 2–3 ಮಿ.ಮೀ.ಗೆ ಕುಗ್ಗಿರುವುದರಿಂದ 2 ಮಿ.ಮೀ. ರಂಧ್ರ ನಷ್ಟವನ್ನೇನೂ ತರದು. ಕತ್ತಲಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಆಗ ತರುಣರ ಪಾಪೆ ಸುಮಾರು 7 ಮಿ.ಮೀ.ಗೆ ಅರಳುತ್ತದೆ. ಒಳಬರುವ ಬೆಳಕು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, 2 ಮಿ.ಮೀ. ರಂಧ್ರದ ಹಿಂದೆ ಕುಳಿತ ಕಣ್ಣಿಗೆ 49ರಲ್ಲಿ 4 ಪಾಲು, ಎಂದರೆ ಹನ್ನೆರಡನೆಯ ಒಂದು ಪಾಲು ಮಾತ್ರ ದಕ್ಕುತ್ತದೆ. ಪ್ರಕೃತಿ ತೆರೆದ ಬಾಗಿಲನ್ನು ಬಂದೂಕು ಮುಚ್ಚಿದಂತಾಯಿತು.

ಬ್ರಿಟಿಷ್ ಸೇನೆಯ ಎಲ್1ಎ1 ರೈಫಲಿಗೆ ಜೋಡಿಸುತ್ತಿದ್ದ ‘ಹೈದ್’ ಸೈಟಿನಲ್ಲಿ ಈ ತೊಡಕಿಗೆ ಸರಳವಾದ ಪರಿಹಾರವಿತ್ತು. ಅದರ ಬ್ಯಾಕ್‌ಸೈಟಿನಲ್ಲಿ ಎರಡು ಎಲೆಗಳು. ಒಂದರಲ್ಲಿ 7 ಮಿ.ಮೀ. ರಂಧ್ರ, ಇದು ರಾತ್ರಿಗೆ. ಹಗಲಿನಲ್ಲಿ 2 ಮಿ.ಮೀ. ರಂಧ್ರದ ಇನ್ನೊಂದು ಎಲೆಯನ್ನು ಅದರ ಮುಂದೆ ಎತ್ತಿ ನಿಲ್ಲಿಸಿದರಾಯಿತು. ದೊಡ್ಡ ರಂಧ್ರ ಅರಳಿದ ಪಾಪೆಯಷ್ಟೇ ಇರುವುದು ಕಾಕತಾಳೀಯವಲ್ಲವೆಂದೇ ನಮಗೆ ತೋರುತ್ತದೆ. ಬೆಳಕು ದಕ್ಕಿತು, ಆದರೆ ಸಣ್ಣ ರಂಧ್ರದ ಸ್ಪಷ್ಟತೆ ಹೋಯಿತು. ಈ ವಿನಿಮಯವನ್ನು ತಪ್ಪಿಸುವ ಉಪಾಯವಿಲ್ಲ.

ಇನ್ನು ಫೋರ್‌ಸೈಟು. ಹಿಂದಿನ ಬೇಟೆಗಾರರು ಅಲ್ಲಿ ದಂತದ ಬಿಳಿ ಮಣಿಯನ್ನು ಕೂರಿಸುತ್ತಿದ್ದರು. ಬಿಳುಪು ಇರುವ ಬೆಳಕನ್ನು ಹಿಂದಿರುಗಿಸೀತೇ ಹೊರತು ತಾನಾಗಿ ಬೆಳಗದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೇಡಿಯಂ ಬೆರೆಸಿದ ಜಿಂಕ್ ಸಲ್ಫೈಡಿನ ಬಣ್ಣ ಗಡಿಯಾರದ ಅಂಕಿಗಳಿಗೂ ಬಂದೂಕಿನ ಸೈಟುಗಳಿಗೂ ಏರಿತು. ಅದರ ಬೆಲೆಯನ್ನು ತೆತ್ತವರು ಸೈನಿಕರಲ್ಲ. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಗಡಿಯಾರದ ಮುಖಗಳಿಗೆ ಈ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ಮೊನೆಯನ್ನು ತುಟಿಗಳಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಹಾಗೆಯೇ ಅವರಿಗೆ ಕಲಿಸಲಾಗಿತ್ತು. ರೇಡಿಯಂ ಅವರ ಮೂಳೆಗಳನ್ನು ಸೇರಿ ದವಡೆಗಳನ್ನು ಕೊಳೆಯಿಸಿತು. ಐವರು ಮಹಿಳೆಯರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ರೇಡಿಯಂನ ಅರ್ಧಾಯು 1600 ವರ್ಷ; ಅದರ ಕಿರಣಗಳ ಹೊಡೆತಕ್ಕೆ ಜಿಂಕ್ ಸಲ್ಫೈಡು ಮಾತ್ರ ಕೆಲವೇ ವರ್ಷಗಳಲ್ಲಿ ಸವೆದು, ಹೊಳಪು ಹೋಗಿ ವಿಷ ಉಳಿಯುತ್ತಿತ್ತು.

ಹೈದ್ ಸೈಟಿನ ಫೋರ್‌ಸೈಟಿನಲ್ಲಿದ್ದುದು ಟ್ರಿಟಿಯಂ, ಎಂದರೆ ಮೂರರಷ್ಟು ತೂಕದ ಹೈಡ್ರೋಜನ್. ಇಂಥ ಸೈಟುಗಳಲ್ಲಿ ಈ ಅನಿಲವನ್ನು ಒಳಮೈಗೆ ದೀಪ್ತಿಪುಡಿ ಲೇಪಿಸಿದ ಪುಟ್ಟ ಗಾಜಿನ ಕೊಳವೆಯಲ್ಲಿ ಮುದ್ರಿಸಿಡುತ್ತಾರೆ. ಟ್ರಿಟಿಯಂ ಸೂಸುವ ಎಲೆಕ್ಟ್ರಾನುಗಳು ಪುಡಿಯನ್ನು ತಾಕಿ ಬೆಳಗಿಸುತ್ತವೆ. ಅವು ಎಷ್ಟು ದುರ್ಬಲವೆಂದರೆ ಗಾಜನ್ನಾಗಲಿ ಚರ್ಮವನ್ನಾಗಲಿ ಭೇದಿಸಲಾರವು. ಕೊಳವೆಯನ್ನು ಒಡೆದು ಅನಿಲ ದೇಹದೊಳಗೆ ಹೋಗದಂತೆ ನೋಡಿಕೊಂಡರೆ ಸಾಕು. ಅರ್ಧಾಯು 12.3 ವರ್ಷವಾದ್ದರಿಂದ ಸುಮಾರು 25 ವರ್ಷಗಳ ಮೇಲೆ ಕಾಲುಪಾಲು ಅನಿಲ ಮಾತ್ರ ಉಳಿದಿರುತ್ತದೆ. ಬಣ್ಣವನ್ನು ಹೆಚ್ಚಾಗಿ ಹಸುರೇ ಆರಿಸುತ್ತಾರೆ. ಶಂಕು, ದಂಡ ಎರಡೂ ಬಗೆಯ ಕೋಶಗಳಿಗೆ ಅದು ಚೆನ್ನಾಗಿ ಕಾಣುತ್ತದೆ. ಆ ಚುಕ್ಕೆ ಬಹಳ ಪ್ರಕಾಶಮಾನವಾಗಿಯೂ ಇರಬಾರದು, ಇದ್ದರೆ ಅದರ ಹಿಂದಿನ ಮಸುಕು ಗುರಿ ಮುಚ್ಚಿಹೋಗುತ್ತದೆ.

ಇಷ್ಟಾದರೂ ಬೆಳಗಿದ್ದು ಸೈಟು ಮಾತ್ರ. ಎದುರಿಗಿರುವುದು ಹಂದಿಯೋ ಸೌದೆ ಹೊತ್ತ ಮನುಷ್ಯನೋ ಎಂಬುದನ್ನು ಅದು ತಿಳಿಸಲಾರದು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರು ನರಭಕ್ಷಕ ಹುಲಿಗಳಿಗಾಗಿ ಮಚ್ಚಾನಿನ ಮೇಲೆ ಕಾಯುವಾಗ ರೈಫಲಿಗೆ ಟಾರ್ಚನ್ನೇ ಬಿಗಿಯುತ್ತಿದ್ದರು. ವನ್ಯಜೀವಿ ಸಂರಕ್ಷಣೆಯ 1972ರ ಕಾಯಿದೆಯಿಂದ ಆ ಬೇಟೆಯ ಕಾಲ ಮುಗಿಯಿತು. ಟಾರ್ಚು ಗುರಿಯನ್ನೂ ಸೈಟನ್ನೂ ಒಟ್ಟಿಗೆ ತೋರಿಸುತ್ತದೆ, ನಿಜ. ಅದನ್ನು ಆರಿಸಿದ ಮೇಲೆ ಮಾತ್ರ ದಂಡಕೋಶಗಳು ಕಳೆದುಕೊಂಡ ವರ್ಣದ್ರವ್ಯವನ್ನು ಮತ್ತೆ ಕೂಡಿಸಿಕೊಳ್ಳಬೇಕು. ಪ್ರಖರವಾದ ಬೆಳಕಿಗೆ ಸಿಕ್ಕ ಕಣ್ಣು ಕತ್ತಲೆಗೆ ಪೂರ್ಣವಾಗಿ ಒಗ್ಗಲು ಇನ್ನೂ ಅರ್ಧ ಗಂಟೆಯಾದರೂ ಬೇಕಾಗುತ್ತದೆ.