ಮ್ಯಾರಥಾನ್ ಓಟ ಮತ್ತು ನನ್ನ ತಪ್ಪು ಲೆಕ್ಕ



ನಾನು 8ನೇ ಇಯತ್ತೆಯಲ್ಲಿದ್ದಾಗ, ಅಂದರೆ 2024ರ ಜನವರಿಯಲ್ಲಿ, ಇದೇ ಗೋಡೆ ಪತ್ರಿಕೆಯಲ್ಲಿ ಒಂದು ಲೆಕ್ಕ ಬರೆದಿದ್ದೆ. "ನಮ್ಮ ಕಾಕಾ ಮುಂಬೈ ಮ್ಯಾರಥಾನನ್ನು 3 ಗಂಟೆ 52 ನಿಮಿಷದಲ್ಲಿ ಓಡಿ ಮುಗಿಸುವರು" ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಲೆಕ್ಕ ತಪ್ಪಾಯಿತು. ಕಾಕಾ ಆ ವರ್ಷ ಓಟ ಮುಗಿಸಲೇ ಇಲ್ಲ. ತಪ್ಪು ಬರೆದ ಗೋಡೆಯ ಮೇಲೆಯೇ ಸರಿಯಾದದ್ದನ್ನೂ ಬರೆಯಬೇಕು ಎಂದು ನಮ್ಮ ಗಣಿತದ ಸರ್ ಹೇಳಿದರು. ಆದ್ದರಿಂದ ಈಗ 10ನೇ ಇಯತ್ತೆಯಲ್ಲಿ ಈ ಲೇಖನ ಬರೆಯುತ್ತಿದ್ದೇನೆ.

ಮ್ಯಾರಥಾನ್ ಎಂದರೇನು?

ಮ್ಯಾರಥಾನ್ ಎಂಬುದು ಗ್ರೀಸ್ ದೇಶದ ಒಂದು ಊರಿನ ಹೆಸರು. ಕ್ರಿ.ಪೂ. 490ರಲ್ಲಿ ಅಲ್ಲಿ ಅಥೆನ್ಸಿನವರು ಪರ್ಷಿಯದ ಸೈನ್ಯವನ್ನು ಸೋಲಿಸಿದರು. ಗೆದ್ದ ಸುದ್ದಿ ಹೊತ್ತು ಒಬ್ಬ ದೂತ ಅಥೆನ್ಸಿನವರೆಗೆ ಓಡಿ, ಸುದ್ದಿ ಹೇಳಿ ಅಲ್ಲೇ ಪ್ರಾಣ ಬಿಟ್ಟನೆಂದು ಕಥೆ ಇದೆ. ಅದರ ನೆನಪಿಗೆ 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲಿ ಸುಮಾರು 40 ಕಿ.ಮೀ. ಓಟ ಇಟ್ಟರು. ಗೆದ್ದವನು ಸ್ಪಿರಿಡಾನ್ ಲೂಯಿಸ್ ಎಂಬ ನೀರು ಹೊರುವವನು. 1908ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದವರೆಗೆ ಅಳೆದಾಗ ದೂರ 42.195 ಕಿ.ಮೀ. ಆಯಿತು. 1921ರಲ್ಲಿ ಅದೇ ದೂರ ಕಾಯಂ ಆಯಿತು. ಮುಂದೆ 1978ರಲ್ಲಿ ನಮ್ಮ ದೇಶದ ಶಿವನಾಥ್ ಸಿಂಗ್ ಅವರು ಜಲಂಧರಿನಲ್ಲಿ ಇದನ್ನು 2 ಗಂಟೆ 12 ನಿಮಿಷದಲ್ಲಿ ಓಡಿದರು. 2023ರಲ್ಲಿ ಷಿಕಾಗೋದಲ್ಲಿ ಕೀನ್ಯಾ ದೇಶದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು.

ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಸಾಮಾನ್ಯವಾಗಿ ಜನವರಿಯ ಮೂರನೇ ರವಿವಾರ ನಡೆಯುತ್ತದೆ. ದೊಡ್ಡ ಓಟಗಾರರ ಜೊತೆ ಅಂಗಡಿಯವರು, ಆಫೀಸಿನವರು, ಮುದುಕರು, ಎಲ್ಲರೂ ಹೆಸರು ಹಚ್ಚಿ ಓಡಬಹುದು. ಅವರಿಗೆ ಬಹುಮಾನದ ಆಸೆ ಇರುವುದಿಲ್ಲ. ಮುಗಿಸುವುದೇ ಗೆಲುವು.

ಕಾಕಾ ಮತ್ತು ನನ್ನ ಸೈಕಲ್ಲು

ನಮ್ಮ ಕಾಕಾನ ಹಿಟ್ಟಿನ ಗಿರಣಿ ನಿಮಗೆಲ್ಲ ಗೊತ್ತೇ ಇದೆ. ಕಾಲೇಜಿನಲ್ಲಿದ್ದಾಗ ಓಡುತ್ತಿದ್ದ, ಆಮೇಲೆ ಬಿಟ್ಟಿದ್ದ. ಮುಂಬೈಯಲ್ಲಿರುವ ನಮ್ಮ ಅತ್ತೆಯ ಮನೆಗೆ ಹೋದಾಗ ಈ ಓಟ ನೋಡಿ ಬಂದು, "ನಾನೂ ಒಮ್ಮೆ ಓಡಬೇಕು" ಎಂದ. 2023ರ ಅಕ್ಟೋಬರಿನಿಂದ ತಯಾರಿ ನಡೆಯಿತು. ಗಿರಣಿ ತೆಗೆಯುವುದಕ್ಕೆ ಮೊದಲು, ಬೆಳಗಿನ 5 ಗಂಟೆಗೆ, ವಾರಕ್ಕೆ ಮೂರು ದಿನ ಓಟ. ನಾನು ಸೈಕಲ್ ಮೇಲೆ ಬ್ಯಾಟರಿ ಹಿಡಿದು ಹಿಂದೆ ಹೋಗುತ್ತಿದ್ದೆ. ನಾಯಿ ಓಡಿಸುವುದು, ನೀರಿನ ಬಾಟಲಿ ಕೊಡುವುದು, ಪ್ರತಿ ಕಿ.ಮೀ. ಕಲ್ಲಿಗೆ ಸಮಯ ಬರೆದುಕೊಳ್ಳುವುದು ನನ್ನ ಕೆಲಸ.

ಪ್ರತಿ ಸಲವೂ ಕಾಕಾ ಜೋರಾಗಿಯೇ ಓಡುತ್ತಿದ್ದ. ನಿನ್ನೆಗಿಂತ ಇಂದು ಒಂದು ನಿಮಿಷ ಕಡಿಮೆ ಆದರೆ ಇಬ್ಬರಿಗೂ ಖುಷಿ. 10 ಕಿ.ಮೀ. ದೂರವನ್ನು 55 ನಿಮಿಷದಲ್ಲಿ ಓಡಿದ. ಒಮ್ಮೆ ಮಾತ್ರ 21 ಕಿ.ಮೀ. ಓಡಿದ. ಅದಕ್ಕಿಂತ ದೂರ ಹೋಗಲಿಲ್ಲ.

ನಾನು ಮಾಡಿದ ಲೆಕ್ಕ

ಆಗ ನಮಗೆ ನೇರ ಅನುಪಾತದ ಪಾಠ ನಡೆದಿತ್ತು. ನಮ್ಮ ಅಜ್ಜ ಅದನ್ನು ತ್ರೈರಾಶಿ ಎನ್ನುತ್ತಾರೆ. 10 ಕಿ.ಮೀ. ಓಡಲು 55 ನಿಮಿಷ ಆದರೆ 42.195 ಕಿ.ಮೀ. ಓಡಲು ಎಷ್ಟು?

55 × 42.195 ÷ 10 = 232 ನಿಮಿಷ, ಅಂದರೆ 3 ಗಂಟೆ 52 ನಿಮಿಷ.

ಗುಣಾಕಾರದಲ್ಲಿ ತಪ್ಪಿರಲಿಲ್ಲ. ಕಾಕಾಗೆ ತೋರಿಸಿದೆ. "ಪ್ರತಿ ಕಿಲೋಮೀಟರಿಗೆ ಐದೂವರೆ ನಿಮಿಷ ಓಡು ಕಾಕಾ, ಸಾಕು" ಎಂದೆ. ಗಣಿತದ ಸರ್ ಮಾತ್ರ ಗೋಡೆಯ ಮುಂದೆ ನಿಂತು ಓದಿ, "ಎಲ್ಲಾ ನೇರ ಅನುಪಾತದಾಗ ಇರತಾವೇನು?" ಎಂದು ಕೇಳಿ ನಕ್ಕು ಹೋದರು. ನನಗೆ ಅರ್ಥವಾಗಲಿಲ್ಲ.

ಮೊದಲ ಓಟ: 21 ಜನವರಿ 2024

ಕಾಕಾ ಒಬ್ಬನೇ ಮುಂಬೈಗೆ ಹೋದ. ನಾವು ಮನೆಯಲ್ಲಿ ಮೊಬೈಲ್ ಹಿಡಿದು ಕೂತೆವು. ಓಟಗಾರರ ಎದೆಯ ನಂಬರಿನ ಜೊತೆ ಒಂದು ಚಿಪ್ ಇರುತ್ತದೆ. ದಾರಿಯಲ್ಲಿ ಹಾಸಿದ ಪಟ್ಟಿಯನ್ನು ದಾಟಿದಾಗ ಸಮಯ ದಾಖಲಾಗಿ ಮೊಬೈಲಿನಲ್ಲಿ ಕಾಣುತ್ತದೆ. 10 ಕಿ.ಮೀ. 55 ನಿಮಿಷ. ಅರ್ಧ ದೂರ 1 ಗಂಟೆ 56 ನಿಮಿಷ. ನನ್ನ ಲೆಕ್ಕ ಗೆರೆ ಎಳೆದಂತೆ ನಡೆದಿತ್ತು. ನಾನು ಅಂಗಳದಲ್ಲಿ ಕುಣಿದಾಡಿದೆ. 30 ಕಿ.ಮೀ.ಗೆ 2 ಗಂಟೆ 53 ನಿಮಿಷ ಬಂತು. 8 ನಿಮಿಷ ತಡ. ಆಮೇಲೆ ಯಾವ ಅಂಕಿಯೂ ಬರಲಿಲ್ಲ.

"ಎಲ್ಲಿ ಅದಾನೋ ನನ್ನ ಮಗಾ?" ಎಂದು ಅಜ್ಜಿ ಹತ್ತು ಸಲ ಕೇಳಿದಳು. "ಮೂವತ್ತು ದಾಟ್ಯಾನ" ಎಂದು ಹತ್ತು ಸಲವೂ ಅದನ್ನೇ ಹೇಳಿದೆ.

ಮಧ್ಯಾಹ್ನ ಫೋನ್ ಬಂತು. "ಕಾಲ ಹಿಡಕೊಂಡ್ವು. ಕುಂತೆ. ಏಳಾಕ ಆಗಲಿಲ್ಲ" ಎಂದ. ವರ್ಲಿಯ ಹತ್ತಿರ ರಸ್ತೆಯ ಬದಿಗೆ ಕೂತಿದ್ದನಂತೆ. ಸ್ವಯಂಸೇವಕರು ಕಾಲು ತಿಕ್ಕಿ, ನೀರು ಕೊಟ್ಟು, ಗಾಡಿಯಲ್ಲಿ ಕಳಿಸಿದರಂತೆ.

ಊರಿಗೆ ಬಂದ ಮೇಲೆ ಗಿರಣಿಗೆ ಬಂದವರೆಲ್ಲ, "ಎಷ್ಟನೇ ನಂಬರ್ ಬಂದಿ?" ಎಂದು ಕೇಳಿದರು. ಕಾಕಾ, "ಮುಗಸಲಿಲ್ಲರಿ, ನಾನಽ ತಪ್ಪಿದೆ" ಎಂದು ಎಲ್ಲರಿಗೂ ಹೇಳಿದ. ಲೆಕ್ಕ ಹಾಕಿಕೊಟ್ಟವನು ನಾನು ಎಂದು ಯಾರಿಗೂ ಹೇಳಲಿಲ್ಲ. ಅವನ ಎಡ ಅಂಗೈಯಲ್ಲಿ ಪೆನ್ನಿನಿಂದ ಬರೆದ "5-30" ಎಂಬ ನನ್ನ ಅಂಕಿ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಮರುದಿನ ಶಾಲೆಗೆ ಬೇಗ ಬಂದು ಗೋಡೆಯ ಮೇಲಿನ ನನ್ನ ಹಾಳೆ ಕಿತ್ತು ಹಾಕಿದೆ.

ತಪ್ಪಿದ್ದು ಎಲ್ಲಿ?

ಗಣಿತದ ಸರ್ ಹೀಗೆ ತಿಳಿಸಿದರು: "ಒಂದು ಪೆನ್ನಿಗೆ 10 ರೂಪಾಯಿ ಆದರೆ 42 ಪೆನ್ನಿಗೆ 420. ಇದು ಸರಿ. ಯಾಕಂದರ ಪೆನ್ನಿಗೆ ದಣಿವು ಆಗೂದಿಲ್ಲ. ಮನುಷ್ಯಾಗ ಆಗತೈತಿ." ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ ಓಟದ ದಾಖಲೆಗಳನ್ನು ಪರೀಕ್ಷಿಸಿ ಒಂದು ಸೂತ್ರ ಮಾಡಿದ್ದಾರೆ. ಅದರ ಪ್ರಕಾರ ದೂರ 4.22 ಪಟ್ಟು ಆದರೆ ಸಮಯ ಸುಮಾರು 4.6 ಪಟ್ಟು ಆಗುತ್ತದೆ. 55 × 4.6 = 253 ನಿಮಿಷ, ಅಂದರೆ 4 ಗಂಟೆ 13 ನಿಮಿಷ. ಅದೂ ಚೆನ್ನಾಗಿ ತಯಾರಿ ಮಾಡಿದವರಿಗೆ. 21 ಕಿ.ಮೀ. ಮಾತ್ರ ಓಡಿ ನೋಡಿದ ನಮ್ಮ ಕಾಕಾಗೆ ಇನ್ನೂ ಹೆಚ್ಚು ಬೇಕು.

ಇದಕ್ಕೆ ಕಾರಣವೇನೆಂದು ವಿಜ್ಞಾನದ ಮೇಡಂ ಹೇಳಿದರು. ನಾವು ತಿಂದ ಅನ್ನ, ರೊಟ್ಟಿಯ ಸಕ್ಕರೆಯ ಅಂಶ ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಉಳಿಯುತ್ತದೆ. ಅದು ಸುಮಾರು 400ರಿಂದ 500 ಗ್ರಾಂ ಮಾತ್ರ. ಒಂದು ಗ್ರಾಮಿಗೆ 4 ಕ್ಯಾಲರಿಯಂತೆ 1,600ರಿಂದ 2,000 ಕ್ಯಾಲರಿ. ಓಡುವಾಗ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿ.ಮೀ.ಗೆ, ಹತ್ತಿರ ಹತ್ತಿರ 1 ಕ್ಯಾಲರಿ ಖರ್ಚು. ಕಾಕಾನ ತೂಕ 60 ಕಿಲೋ. 60 × 42 = 2,520. ಅಂದರೆ ಕೂಡಿಟ್ಟದ್ದು ಸಾಲುವುದಿಲ್ಲ.

ಉಳಿದದ್ದು ಕೊಬ್ಬಿನಿಂದ ಬರಬೇಕು. ಕೊಬ್ಬು ಬೇಕಾದಷ್ಟು ಇರುತ್ತದೆ, ಆದರೆ ಅದರಿಂದ ಶಕ್ತಿ ನಿಧಾನವಾಗಿ ಹೊರಡುತ್ತದೆ. ಗ್ಲೈಕೋಜನ್ ಎಂದರೆ ಅಡಿಗೆಮನೆಯ ಗಡಿಗೆಯಲ್ಲಿರುವ ಜೋಳ ಇದ್ದಂತೆ. ಕೊಬ್ಬು ಹಗೇವಿನಲ್ಲಿರುವ ಜೋಳ. ಹಗೇವಿನಲ್ಲಿ ಚೀಲಗಟ್ಟಲೆ ಇದ್ದರೂ ಮಣ್ಣು ಸರಿಸಿ, ಬಾಯಿ ತೆಗೆದು, ಇಳಿದು ತರಬೇಕು. ಜೋರಾಗಿ ಓಡಿದರೆ ಗಡಿಗೆ ಬೇಗ ಬರಿದಾಗುತ್ತದೆ. ನಿಧಾನ ಓಡಿದರೆ ಎರಡೂ ಕಡೆಯಿಂದ ಬರುತ್ತದೆ. ಗಡಿಗೆ ಬರಿದಾದಾಗ ಕಾಲು ಕಲ್ಲಾಗುವುದಕ್ಕೆ ಓಟಗಾರರು "ಗೋಡೆಗೆ ಬಡಿಯುವುದು" ಎನ್ನುತ್ತಾರೆ. ಅದು ಹೆಚ್ಚಾಗಿ 30 ಕಿ.ಮೀ. ದಾಟಿದ ಮೇಲೆ ಬರುತ್ತದೆ. ಇದರ ಜೊತೆಗೆ ಮುಂಬೈಯಲ್ಲಿ ಸಮುದ್ರದ ತೇವದ ಗಾಳಿ. ನಮ್ಮ ಕಡೆಯ ಒಣ ಹವೆಯಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಅಲ್ಲಿ ಬೆವರು ಆರುವುದೇ ಇಲ್ಲ.

ಎರಡನೆಯ ತಯಾರಿ

ಇದನ್ನೆಲ್ಲ ಕಾಕಾಗೆ ಹೇಳಿ, "ಲೆಕ್ಕ ನಂದು ತಪ್ಪಿತ್ತು ಕಾಕಾ" ಎಂದೆ. ಅವನು ಗಿರಣಿಯ ಪಟ್ಟಾ ಬಿಗಿಯುತ್ತಾ, "ಹಂಗಾರ ಇನ್ನೊಮ್ಮೆ ಹಾಕು" ಎಂದ. 2024ರ ಸೆಪ್ಟೆಂಬರ್ 1ರಿಂದ 20 ವಾರದ ತಯಾರಿ ಮಾಡಿದೆವು.

1. ವಾರಕ್ಕೆ ನಾಲ್ಕು ದಿನ ಓಟ. ಮಂಗಳವಾರ, ಗುರುವಾರ, ಶನಿವಾರ ಕಡಿಮೆ ದೂರ, ರವಿವಾರ ದೊಡ್ಡ ಓಟ.

2. ದೊಡ್ಡ ಓಟವನ್ನು 10 ಕಿ.ಮೀ.ಯಿಂದ ಶುರು ಮಾಡಿ ಒಂದೆರಡು ಕಿ.ಮೀ. ಏರಿಸುತ್ತಾ ಹೋಗುವುದು. ಪ್ರತಿ ನಾಲ್ಕನೇ ವಾರ ಇಳಿಸುವುದು. ಮೈಗೆ ಬಲ ಬರುವುದು ಓಡುವಾಗ ಅಲ್ಲ, ಓಡಿದ ಮೇಲೆ ವಿಶ್ರಾಂತಿಯಲ್ಲಿ.

3. ದೊಡ್ಡ ಓಟದಲ್ಲಿ ಮಾತಾಡುತ್ತಾ ಓಡಬೇಕು. ಉಸಿರು ಸಾಲದೆ ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಇದಕ್ಕಾಗಿ ಕಾಕಾ ನನ್ನಿಂದ ಮಗ್ಗಿ ಕೇಳುತ್ತಿದ್ದ, ನಾನು ಅವನಿಂದ ಗಿರಣಿಯ ಉದ್ರಿ ಲೆಕ್ಕ ಕೇಳುತ್ತಿದ್ದೆ.

4. ಹಸಿವಾಗುವ ಮೊದಲೇ ಬಾಳೆಹಣ್ಣಿನ ತುಂಡು, ಬೆಲ್ಲ. ಬಾಯಾರಿದಾಗ ನಿಂಬೆ, ಉಪ್ಪು, ಸಕ್ಕರೆ ಹಾಕಿದ ನೀರು. ಬರೀ ನೀರನ್ನು ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ.

5. ಓಡುವಾಗ ಪಾದ ಊದುವುದರಿಂದ ಬೂಟು ತುಸು ಸಡಿಲ ಇರಬೇಕು. ಮೊದಲ ವರ್ಷ ಬಿಗಿ ಬೂಟಿನಿಂದ ಕಾಕಾನ ಎರಡು ಉಗುರು ಕಪ್ಪಾಗಿದ್ದವು. ಚರ್ಮ ತಿಕ್ಕುವ ಕಡೆ ಕೊಬ್ಬರಿ ಎಣ್ಣೆ ಹಚ್ಚಬೇಕು.

6. ಓಟದ ದಿನ ಹೊಸದು ಯಾವುದೂ ಬೇಡ. ಹೊಸ ಬೂಟೂ ಬೇಡ, ಹೊಸ ತಿನಿಸೂ ಬೇಡ.

ಡಿಸೆಂಬರ್ 29ರ ರವಿವಾರ, ಚಳಿಯಲ್ಲಿ 4 ಗಂಟೆಗೆ ಹೊರಟು ಕಾಕಾ 32 ಕಿ.ಮೀ. ಓಡಿದ. 3 ಗಂಟೆ 40 ನಿಮಿಷ ಆಯಿತು. ಆಮೇಲೆ ಮೂರು ವಾರ ಓಟ ಕಡಿಮೆ ಮಾಡಿ ಕಾಲಿಗೆ ವಿಶ್ರಾಂತಿ ಕೊಟ್ಟ. ಸಂಕ್ರಾಂತಿಯ ಶೇಂಗಾ ಹೋಳಿಗೆಯನ್ನು ಎರಡಕ್ಕೇ ನಿಲ್ಲಿಸಿದ್ದಕ್ಕೆ ಅಜ್ಜಿಗೆ ಇನ್ನೂ ಸಿಟ್ಟಿದೆ.

ಹೊಸ ಲೆಕ್ಕ ಹೀಗಿತ್ತು: ಮೊದಲ 30 ಕಿ.ಮೀ. ಪ್ರತಿ ಕಿ.ಮೀ.ಗೆ ಆರೂವರೆ ನಿಮಿಷ, ಒಟ್ಟು 3 ಗಂಟೆ 15 ನಿಮಿಷ. ಕೊನೆಯ 12.195 ಕಿ.ಮೀ. ಪ್ರತಿ ಕಿ.ಮೀ.ಗೆ 7 ನಿಮಿಷ, ಒಟ್ಟು 1 ಗಂಟೆ 25 ನಿಮಿಷ. ಎರಡೂ ಕೂಡಿ 4 ಗಂಟೆ 40 ನಿಮಿಷ. ಇದನ್ನು ನಾನು ಗೋಡೆಯ ಮೇಲೆ ಬರೆಯಲಿಲ್ಲ. ಕಾಕಾನ ಅಂಗೈಯಲ್ಲಿ ಮಾತ್ರ ಬರೆದೆ.

ಎರಡನೆಯ ಓಟ: 19 ಜನವರಿ 2025

ಈ ಸಲ ನಾನೂ ಅಪ್ಪನೂ ಜೊತೆಗೆ ಹೋದೆವು. ಬಾಗಲಕೋಟೆಯಿಂದ ರೈಲು ಹತ್ತಿ, ವಿಜಯಪುರ, ಸೋಲಾಪುರ ದಾಟಿ ಅತ್ತೆಯ ಮನೆ ಸೇರಿದೆವು. ಓಟ ಶುರುವಾಗುವುದು ದೊಡ್ಡ ರೈಲು ನಿಲ್ದಾಣದ ಮುಂದೆ, ಕತ್ತಲಿರುವಾಗಲೇ. ಅಲ್ಲಿಂದ ಮರೀನ್ ಡ್ರೈವ್, ಹಾಜಿ ಅಲಿ, ವರ್ಲಿ, ಸಮುದ್ರದ ಮೇಲಿನ ಸೇತುವೆ, ಬಾಂದ್ರಾ, ಮಾಹೀಮ್ ಸುತ್ತಿ ಮತ್ತೆ ಅದೇ ಹಾಜಿ ಅಲಿಯ ಮೇಲೆ ಹಿಂದಿರುಗಬೇಕಿತ್ತು. ಕಾಲು ಸೋತ ಮೇಲೆ ಪೆಡ್ಡರ್ ರೋಡಿನ ಏರು ಬರುತ್ತಿತ್ತು. ನಾನು, ಅಪ್ಪ ಲೋಕಲ್ ರೈಲಿನಲ್ಲಿ ಮಹಾಲಕ್ಷ್ಮಿ ಸ್ಟೇಷನ್ನಿಗೆ ಇಳಿದು, ನಡೆದು ಬಂದು, ಹಾಜಿ ಅಲಿಯ ಹತ್ತಿರ ನಿಂತೆವು.

10 ಕಿ.ಮೀ. 1 ಗಂಟೆ 5 ನಿಮಿಷ. ಅರ್ಧ ದೂರ 2 ಗಂಟೆ 17 ನಿಮಿಷ. 30 ಕಿ.ಮೀ. ಸರಿಯಾಗಿ 3 ಗಂಟೆ 15 ನಿಮಿಷ. ಅಲ್ಲಿಂದ ಮುಂದೆ ನಾನು ಮೊಬೈಲ್ ನೋಡಲಿಲ್ಲ, ರಸ್ತೆ ನೋಡಿದೆ. ಬಿಸಿಲು ಏರಿತ್ತು. ಎಷ್ಟೋ ಜನ ಕುಂಟುತ್ತಾ ಬಂದರು. ರಸ್ತೆಯ ಬದಿ ಯಾರಾದರೂ ಕೂತರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಹಿಂದಿನ ವರ್ಷ ಕಾಕಾ ಕೂತಿದ್ದ ವರ್ಲಿಯ ಕಡೆಯಿಂದಲೇ ಅವರೆಲ್ಲ ಬರುತ್ತಿದ್ದರು.

ಆಮೇಲೆ ಕಾಕಾ ಕಂಡ. ನಿಧಾನ, ಆದರೆ ಓಡುತ್ತಲೇ ಇದ್ದ. ಕೈಯಲ್ಲಿ ಅರ್ಧ ಬಾಳೆಹಣ್ಣು. ನನ್ನನ್ನು ನೋಡಿ, "ಲೆಕ್ಕ ಹೆಂಗೈತಿ?" ಎಂದ.

"ಸರಿ ಐತಿ ಕಾಕಾ! ಒಂದಽ ನಿಮಿಷ ತಡಾ!"

"ಮುಂದ ಏರು ಐತಿ, ನಡಕೋತ ಹತ್ತತೀನಿ" ಎಂದು ಹೇಳಿ ಹೋದ. ಮಾತು ತುಂಡಾಗಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಮುಗಿಸುತ್ತಾನೆ ಎಂದು.

ಕಾಕಾ 4 ಗಂಟೆ 43 ನಿಮಿಷದಲ್ಲಿ ಮುಗಿಸಿದ. ನನ್ನ ಲೆಕ್ಕಕ್ಕಿಂತ 3 ನಿಮಿಷ ಹೆಚ್ಚು. ಆ ಪದಕ ಈಗ ಗಿರಣಿಯಲ್ಲಿ ತಕ್ಕಡಿಯ ಮೇಲಿನ ಮೊಳೆಗೆ ತೂಗಾಡುತ್ತಿದೆ, ಮೇಲೆ ಹಿಟ್ಟಿನ ಧೂಳು ಕೂತಿದೆ. ಬಂದವರು ಈಗಲೂ "ಎಷ್ಟನೇ ನಂಬರ್?" ಎಂದೇ ಕೇಳುತ್ತಾರೆ. ಕಾಕಾ ನನ್ನ ಕಡೆ ಬೆರಳು ತೋರಿಸಿ, "ಲೆಕ್ಕದವನ್ನ ಕೇಳ್ರಿ" ಎನ್ನುತ್ತಾನೆ.

ಗೆಳೆಯರೇ, ಲೆಕ್ಕ ಮಾಡುವ ಮೊದಲು ಆ ಲೆಕ್ಕ ಇಲ್ಲಿ ಸಲ್ಲುತ್ತದೆಯೇ ಎಂದು ನೋಡಬೇಕು. ಇದೇ ನಾನು ಕಲಿತ ಪಾಠ. ಇನ್ನೊಂದು ಮಾತು: 18 ವರ್ಷ ತುಂಬದ ನಾವು ಯಾರೂ 42 ಕಿ.ಮೀ. ಓಡಲು ಹೋಗಬಾರದು. ನಮಗೆ ಶಾಲೆಯ ಮೈದಾನ ಸಾಕು.

ಮಾಡಿ ನೋಡಿರಿ: ಶಾಲೆಯ ಮೈದಾನವನ್ನು ಒಂದು ಸುತ್ತು ಓಡಿ ಸಮಯ ಬರೆದುಕೊಳ್ಳಿ. ಮರುದಿನ ಐದು ಸುತ್ತು ಓಡಿ. ಸಮಯ ಸರಿಯಾಗಿ ಐದು ಪಟ್ಟು ಆಯಿತೇ, ಹೆಚ್ಚಾಯಿತೇ? ನಿಮ್ಮ ಉತ್ತರವನ್ನು ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಈ ಸಲ ಹಾಳೆಯನ್ನು ನಾನು ಕೀಳುವುದಿಲ್ಲ.

— 10ನೇ ಇಯತ್ತೆಯ ವಿದ್ಯಾರ್ಥಿ