ಕಡಿಮೆ ದುಡ್ಡು, ಒಳ್ಳೆ ನಾದ: ಮೊದಲ ಹೆಡ್‌ಫೋನ್ ಕೊಳ್ಳುವವರಿಗೆ

ಫುಟ್‌ಪಾತಿನಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ಇಯರ್‌ಫೋನನ್ನು ಆರು ತಿಂಗಳಿಗೊಂದರಂತೆ ಕೊಂಡು ಬಿಸಾಡುವವರು, ಯಾವಾಗಲೋ ಸ್ನೇಹಿತನ ಒಳ್ಳೆ ಹೆಡ್‌ಫೋನ್ ಕಿವಿಗಿಟ್ಟಾಗ ದಂಗಾಗುತ್ತಾರೆ. ಎಷ್ಟೋ ವರ್ಷದಿಂದ ಕೇಳಿದ ಹಾಡಿನಲ್ಲಿ ತಂಬೂರಿಯೂ ಇತ್ತು ಅಂತ ಆಗ ಗೊತ್ತಾಗುತ್ತದೆ. ತಲೆಬಿಸಿ ಶುರುವಾಗುವುದೂ ಅಲ್ಲಿಂದಲೇ. ಯೂಟ್ಯೂಬಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು, ಡಬ್ಬಿಯ ಮೇಲೆ ನೂರೆಂಟು ಅಂಕಿ. ಒಂದೂವರೆ ಸಾವಿರದಿಂದ ಐದು ಸಾವಿರದೊಳಗೆ ಕೆಲಸ ಮುಗಿಸಬೇಕು ಅನ್ನುವವರಿಗೆ ಇವಿಷ್ಟು ಸೂತ್ರ.

1. ಮೊದಲು ಜಾಗ, ಆಮೇಲೆ ಮಾಡೆಲ್

ದಿನಾ ಬಸ್ಸು, ಮೆಟ್ರೊದಲ್ಲಿ ಓಡಾಡುವವರಿಗೆ ಕಿವಿಯೊಳಗೆ ಕೂರುವ ಇನ್-ಇಯರ್ ಸರಿ. ಹೊರಗಿನ ಗದ್ದಲವನ್ನು ಅದೇ ತಡೆಯುತ್ತದೆ. ಮನೆಯಲ್ಲಿ ಕೂತು ಕೇಳುವವರು ಕಿವಿಯನ್ನು ಪೂರ್ತಿ ಮುಚ್ಚುವ ಓವರ್-ಇಯರ್ ನೋಡಬಹುದು. ಅದರಲ್ಲೂ ಹಿಂಬದಿಗೆ ಜಾಲರಿ ಇರುವ ಓಪನ್-ಬ್ಯಾಕ್ ಆದರೆ ಸಂಗೀತ ಬಿಚ್ಚಿಕೊಂಡು ಕೇಳುತ್ತದೆ. ಏನೆಂದರೆ, ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ! ಮಂಗಳೂರು, ಕಾರವಾರದ ಕಡೆಯವರು ಏಪ್ರಿಲ್ ತಿಂಗಳ ಸೆಖೆಯನ್ನು ನೆನೆದೇ ನಿರ್ಧರಿಸಲಿ. ಓವರ್-ಇಯರ್ ಕುಶನ್ನಿನೊಳಗೆ ಕಿವಿ ಬೆವೆತು ತೊಪ್ಪೆಯಾಗಲು ಹೆಚ್ಚು ಹೊತ್ತು ಬೇಡ.

2. ಈ ಬಜೆಟ್ಟಿನಲ್ಲಿ ವೈರ್ ಇರುವುದನ್ನೇ ತಗೊಳ್ಳಿ

ಮೂಗು ಮುರಿಯಬೇಡಿ. ಎರಡು ಸಾವಿರದ ಬ್ಲೂಟೂತ್ ಇಯರ್‌ಬಡ್‌ನಲ್ಲಿ ನಿಮ್ಮ ದುಡ್ಡು ಎಷ್ಟು ಪಾಲಾಗುತ್ತದೆ ನೋಡಿ: ಬ್ಯಾಟರಿಗೆ, ಬ್ಲೂಟೂತ್ ಚಿಪ್ಪಿಗೆ, ಮೈಕಿಗೆ, ಚಾರ್ಜಿಂಗ್ ಡಬ್ಬಿಗೆ. ಇವೆಲ್ಲ ಉಂಡು ಉಳಿದದ್ದು ಶಬ್ದ ಹೊರಡಿಸುವ ಡ್ರೈವರಿಗೆ. ವೈರ್ ಇರುವ ಇನ್-ಇಯರ್‌ನಲ್ಲಿ ಹೆಚ್ಚುಕಮ್ಮಿ ಅಷ್ಟೂ ದುಡ್ಡು ಡ್ರೈವರಿಗೇ ಬೀಳುತ್ತದೆ. ಮೂನ್‌ಡ್ರಾಪ್, ಕೆಝಡ್‌ನಂಥ ಚೀನಾದ ಕಂಪನಿಗಳು ಕಡಿಮೆ ಬೆಲೆಗೆ ಕೊಡುವ ನಾದವನ್ನು ಹತ್ತು ವರ್ಷದ ಹಿಂದೆ ಆ ದುಡ್ಡಿಗೆ ಊಹಿಸುವಂತಿರಲಿಲ್ಲ.

ಬಾಳಿಕೆಯ ಲೆಕ್ಕವೂ ಇದೆ. ಇಯರ್‌ಬಡ್‌ನ ಪುಟಾಣಿ ಬ್ಯಾಟರಿ ದಿನಾ ಚಾರ್ಜ್ ಆಗುತ್ತಾ ಎರಡು ಮೂರು ವರ್ಷದಲ್ಲಿ ಸೊರಗುತ್ತದೆ. ಅದನ್ನು ಬದಲಾಯಿಸಿ ಕೊಡುವವರು ಸಿಗುವುದು ಕಷ್ಟ. ಅದೇ ವೈರಿನ ಲೋಕದಲ್ಲಿ ಕಾಸ್ ಕಂಪನಿಯ ಪೋರ್ಟಾ ಪ್ರೊ 1984ರಲ್ಲಿ ಬಂದದ್ದು, ಸೋನಿಯ ಎಂಡಿಆರ್-7506 1991ರಲ್ಲಿ. ಎರಡೂ ಇಂದಿಗೂ ಮಾರಾಟದಲ್ಲಿವೆ.

ಓಡುವವರು, ಜಿಮ್ಮಿಗೆ ಹೋಗುವವರು ಬ್ಲೂಟೂತ್ ಕೊಳ್ಳಲಿ, ತಕರಾರಿಲ್ಲ. ಆಫೀಸಿನ ಮೀಟಿಂಗಿಗೆಂದು ಕೊಳ್ಳುವವರು ಮಾತ್ರ ಒಂದು ವಿಷಯ ತಿಳಿದಿರಲಿ: ಲ್ಯಾಪ್‌ಟಾಪಿಗೆ ಜೋಡಿಸಿ ಮೈಕ್ ಆನ್ ಮಾಡಿದೊಡನೆ ಬಹುಪಾಲು ಬ್ಲೂಟೂತ್ ಹೆಡ್‌ಸೆಟ್‌ಗಳ ಧ್ವನಿ ಹಳೇ ಲ್ಯಾಂಡ್‌ಲೈನ್ ಮಟ್ಟಕ್ಕೆ ಇಳಿಯುತ್ತದೆ. ಕೆಟ್ಟುಹೋಗಿದೆಯೆಂದು ಅಂಗಡಿಗೆ ಓಡಬೇಕಿಲ್ಲ.

3. ಜ್ಯಾಕ್ ಇಲ್ಲದ ಫೋನಿಗೆ ಡ್ಯಾಕ್ ಇರುವ ಡಾಂಗಲ್

2016ರಲ್ಲಿ ಐಫೋನ್ 7 ಹೆಡ್‌ಫೋನ್ ಜ್ಯಾಕನ್ನು ಕಿತ್ತುಹಾಕಿತು, ಉಳಿದ ಕಂಪನಿಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ಟೈಪ್-ಸಿ ಪಿನ್ನಿಗೆ ಹಾಕುವ ಡಾಂಗಲ್ ಕೊಳ್ಳುವಾಗ ಅದರೊಳಗೆ ಡ್ಯಾಕ್ ಇದೆಯೇ ಕೇಳಿ. ಡ್ಯಾಕ್ ಅಂದರೆ ಡಿಜಿಟಲ್ ಸಂಕೇತವನ್ನು ಕೇಳುವ ಶಬ್ದವಾಗಿಸುವ ಚಿಪ್. ಅದಿಲ್ಲದ ಅಗ್ಗದ ಡಾಂಗಲ್ ಕೆಲವು ಫೋನುಗಳಲ್ಲಿ ಉಸಿರೇ ಎತ್ತುವುದಿಲ್ಲ.

4. ಓಮ್ ನೋಡಿ, ಮಿಕ್ಕ ಅಂಕಿ ಬಿಡಿ

ಇಂಪೀಡೆನ್ಸ್ ಎಂಬ ಕಡೆ 16, 32 ಓಮ್‌ನ ಆಸುಪಾಸಿದ್ದರೆ ಸಾಮಾನ್ಯವಾಗಿ ಫೋನೇ ಸಾಕು. 250, 300 ಓಮ್ ಇದ್ದರೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗಬಹುದು, ಬಜೆಟ್ ಅಲ್ಲಿಗೇ ಎಕ್ಕುಟ್ಟಿತು. ಒಂದೇ ಮಾಡೆಲ್ ಬೇರೆ ಬೇರೆ ಓಮ್‌ಗಳಲ್ಲಿ ಬರುವುದೂ ಉಂಟು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32, 80, 250 ಮೂರರಲ್ಲೂ ಸಿಗುತ್ತದೆ. ಆನ್‌ಲೈನಿನಲ್ಲಿ ಅಗ್ಗವಾಗಿ ಕಂಡದ್ದು ಯಾವುದೆಂದು ನೋಡದೆ ಬಟನ್ ಒತ್ತಬೇಡಿ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಎಂಬುದು ಎಲ್ಲ ಡಬ್ಬಿಯ ಮೇಲೂ ಇರುತ್ತದೆ. ಡ್ರೈವರ್ ಎಷ್ಟು ಮಿಲಿಮೀಟರ್ ಎಂಬುದರಿಂದಲೂ ಗುಣ ತಿಳಿಯುವುದಿಲ್ಲ. "ಎಕ್ಸ್‌ಟ್ರಾ ಬಾಸ್" ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಗಾಯಕರ ಧ್ವನಿ ಹಿಂದೆ ಸರಿದಿದೆಯೇ ಎಂದು ಮೊದಲು ಕೇಳಿ ನೋಡಿ.

5. ಟಿಪ್ ಸರಿ ಕೂರದಿದ್ದರೆ ಹತ್ತು ಸಾವಿರದ್ದೂ ದಂಡ

ಇನ್-ಇಯರ್ ಕೊಂಡವರಲ್ಲಿ "ಬಾಸೇ ಇಲ್ಲ ರೀ" ಅನ್ನುವವರಿಗೆ ಬಹುಮಟ್ಟಿಗೆ ಇದೇ ಕಾರಣ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಸಿಲಿಕೋನ್ ಟಿಪ್ ಇರುತ್ತವೆ. ಜನ ಸಿಕ್ಕಿಸಿ ಬಂದ ಮಧ್ಯದ ಅಳತೆಯನ್ನೇ ಬಳಸಿ ಉಳಿದವನ್ನು ಕಳೆದುಕೊಳ್ಳುತ್ತಾರೆ. ಹೀಗೆ ಮಾಡಿ: ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು, ಬಲಗೈಯಿಂದ ಇಯರ್‌ಫೋನನ್ನು ತುಸು ತಿರುಗಿಸುತ್ತಾ ಒಳಗಿಡಿ. ಸರಿಯಾಗಿ ಕೂತರೆ ಫ್ಯಾನಿನ ಸದ್ದು ಥಟ್ಟನೆ ತಗ್ಗುತ್ತದೆ, ನಿಮ್ಮ ಮಾತು ನಿಮಗೇ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ. ಹಾಡು ಹಾಕಿ, ಬೆರಳಿಂದ ಒಂಚೂರು ಒತ್ತಿ ನೋಡಿ. ಒತ್ತಿದಾಗ ಬಾಸ್ ಧುಮ್ಮೆಂದು ಬಂದು ಬಿಟ್ಟಾಗ ಹೋದರೆ ಟಿಪ್ ಚಿಕ್ಕದಾಯಿತು. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಸಹಜ.

6. ಬಾಯಿಪಾಠವಾದ ಹಾಡು ಒಯ್ಯಿರಿ

ಅಂಗಡಿಯವರು ಹಾಕುವ ಡೆಮೊ ಟ್ರ್ಯಾಕಿನಲ್ಲಿ ಎಲ್ಲವೂ ಭರ್ಜರಿ. ನಿಮ್ಮದೇ ನಾಲ್ಕು ತುಣುಕು ಫೋನಿನಲ್ಲಿಟ್ಟುಕೊಳ್ಳಿ. ನನ್ನ ಆಯ್ಕೆ ಹೇಳುತ್ತೇನೆ. ದೊರೆಸ್ವಾಮಿ ಅಯ್ಯಂಗಾರರ ವೀಣೆ: ಮೀಟಿನ ಮೊನೆಯೂ ಕೇಳಬೇಕು, ಆಮೇಲೆ ನಾದ ಕರಗುವುದೂ ಕೇಳಬೇಕು. ಸಿ. ಅಶ್ವಥ್ ಏರುದನಿಯಲ್ಲಿ ಹಾಡಿದ ಯಾವುದಾದರೂ ಭಾವಗೀತೆ: ಅವರು ತಾರಕ್ಕೆ ಹೋದಾಗ ಕಿವಿ ಚುಚ್ಚಿದರೆ ಆ ಹೆಡ್‌ಫೋನಿನ ಟ್ರೆಬಲ್ ಜಾಸ್ತಿ. ಯಕ್ಷಗಾನದ ಚಂಡೆ: ಪೆಟ್ಟು ಪೆಟ್ಟೂ ಬಿಡಿಬಿಡಿಯಾಗಿ ಬೀಳಬೇಕು. ಮೃದಂಗದ ತನಿ ಆವರ್ತನ: ಎಡಗೈಯ ಗುಂಕಾರ ಬಲಗೈಯ ಚಾಪನ್ನು ನುಂಗಬಾರದು.

ಎರಡು ಹೆಡ್‌ಫೋನ್ ಹೋಲಿಸುವಾಗ ಎರಡನ್ನೂ ಒಂದೇ ಜೋರಿಗೆ ತನ್ನಿ. ತುಸು ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಹುಟ್ಟುಗುಣ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

7. ವೈರು ಬಿಚ್ಚಿಬರುತ್ತದೆಯೇ?

ಇಯರ್‌ಫೋನ್ ಸಾಯುವುದು ಹೆಚ್ಚಾಗಿ ಪಿನ್ನಿನ ಕತ್ತಿನಲ್ಲಿ ವೈರು ತುಂಡಾಗಿ. ವೈರು ಬೇರ್ಪಡುವಂತಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮರುಜನ್ಮ. ಓವರ್-ಇಯರ್ ಆದರೆ ಬದಲಿ ಕುಶನ್ ಸಿಗುತ್ತದೆಯೇ ವಿಚಾರಿಸಿ. ನಮ್ಮ ಬೆವರಿಗೆ ರೆಕ್ಸಿನ್ ಸಿಪ್ಪೆ ಸುಲಿದು ಕೆನ್ನೆಗೆ ಕರಿಚುಕ್ಕೆ ಅಂಟುವುದು ಖಚಿತ.

8. ನಾಯ್ಸ್ ಕ್ಯಾನ್ಸಲಿಂಗ್ ಸದ್ಯಕ್ಕೆ ಬೇಡ

ಅಮರ್ ಬೋಸ್‌ಗೆ ಇದರ ಯೋಚನೆ ಹೊಳೆದದ್ದು 1978ರಲ್ಲಿ, ವಿಮಾನದಲ್ಲಿ ಕೂತಿದ್ದಾಗ. ಅದು ಇಂದಿಗೂ ಚೆನ್ನಾಗಿ ಅಳಿಸುವುದು ಎಂಜಿನ್, ಎ.ಸಿ.ಯಂಥ ಒಂದೇ ಸಮನೆಯ ಗುಂಯ್ ಸದ್ದನ್ನು. ಪಕ್ಕದ ಸೀಟಿನವರ ಫೋನ್ ಮಾತನ್ನು ಅಷ್ಟು ಚೆನ್ನಾಗಿ ಅಳಿಸದು. ಅಗ್ಗದ ಮಾಡೆಲ್ಲಿನಲ್ಲಿ ಈ ಸೌಲಭ್ಯಕ್ಕೆ ತೆರುವುದು ನಾದದ ಗುಣವನ್ನೇ.

9. ಬಿಲ್ಲಿಲ್ಲದೆ ಬ್ರ್ಯಾಂಡ್ ಇಲ್ಲ

ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ನಿಮ್ಮೂರಿನ ಮೊಬೈಲ್ ಅಂಗಡಿಯಿರಲಿ, ಹೆಸರಾಂತ ಕಂಪನಿಯ ಮಾಲು ಅರ್ಧ ಬೆಲೆಗೆ ಅಂದರೆ ನಕಲಿಯೆಂದೇ ಹಿಡಿಯಿರಿ. ಜಿಎಸ್‌ಟಿ ಬಿಲ್ಲು, ವಾರಂಟಿ ಎರಡೂ ಕೇಳಿ.

10. ವಾಲ್ಯೂಮ್ ಮಧ್ಯದಲ್ಲಿರಲಿ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ಬರೀ 4 ಗಂಟೆ. ಟಿಪ್ ಗಟ್ಟಿಯಾಗಿ ಕೂತವರು ಬಸ್ಸಿನಲ್ಲೂ ಕಡಿಮೆ ವಾಲ್ಯೂಮಿನಲ್ಲಿ ಕೇಳಬಲ್ಲರು.

11. "ಬರ್ನ್-ಇನ್" ಮಾತಿಗೆ ಮರುಳಾಗಬೇಡಿ

ಹೊಸತರಲ್ಲಿ ಇಷ್ಟವಾಗದಿದ್ದರೆ ಕೆಲವರು ಬುದ್ಧಿ ಹೇಳುತ್ತಾರೆ: ನೂರು ಗಂಟೆ ಹಾಡು ಹಾಕಿಡಿ, ಡ್ರೈವರ್ ಪಳಗಿ ಧ್ವನಿ ತೆರೆದುಕೊಳ್ಳುತ್ತದೆ ಎಂದು. ಪಳಗುವುದು ಬಹುಪಾಲು ನಿಮ್ಮ ಕಿವಿ. ಎರಡು ಮೂರು ದಿನ ಕೇಳಿಯೂ ಒಗ್ಗದಿದ್ದರೆ ವಾಪಸ್ ಕಳಿಸಿ. ನೂರು ಗಂಟೆ ಮುಗಿಯುವಷ್ಟರಲ್ಲಿ ರಿಟರ್ನ್ ಗಡುವೂ ಮುಗಿದಿರುತ್ತದೆ.